ಬ್ಯಾಂಜೋ ಒಳಗಿನ ಬಳೆ

ಸ್ಪ್ರೂಸ್ ಲಿಕ್, ವೆಸ್ಟ್ ವರ್ಜೀನಿಯಾ
10 ಸೆಪ್ಟೆಂಬರ್ 2004

ಪ್ರೀತಿಯ ಡ್ರೀಮಾ,

ನಗುವುದಿದ್ದರೆ ಈಗಲೇ ನಕ್ಕುಬಿಡು, ಆಮೇಲೆ ಓದು. ನಿನ್ನ ಅಪ್ಪನ ಬ್ಯಾಂಜೋ ಹೊತ್ತುಕೊಂಡು ನಿನ್ನೆ ಫೈರ್ ಸ್ಟೇಷನ್ನಿನ ಹಾಲಿಗೆ ಹೋಗಿದ್ದೆ. ಅಲ್ಲಿ ಗುರುವಾರ ಸಂಜೆ ಆರಕ್ಕೆ ಹೊಸದಾಗಿ ಕಲಿಯುವವರಿಗೆಂದೇ ಸುತ್ತ ಕೂತು ನಾಡಹಾಡು ನುಡಿಸುವ ಬ್ಲೂಗ್ರಾಸ್ ಜ್ಯಾಮ್ ಶುರುವಾಗಿದೆ. ಅರವತ್ತೊಂದರ ವಯಸ್ಸಿನಲ್ಲಿ ನಾನು ಹೊಸಬಳು! ನಡೆಸುವವನು ಆರ್ವಿಲ್. ನಿನ್ನ ಅಪ್ಪ ಎಸ್ಟಿಲ್‌ನ ಪಕ್ಕ ಕೂತು ಮೂವತ್ತು ವರ್ಷ ಗಿಟಾರ್ ಬಾರಿಸಿದವನು, ಎಸ್ಟಿಲ್‌ನನ್ನು ಮಣ್ಣು ಮಾಡಿದ ಮೇಲೆ ಒಂದೂವರೆ ವರ್ಷ ನಮ್ಮ ಮನೆ ಮೆಟ್ಟಿಲು ತುಳಿಯದವನು.

ದುಂಡಗೆ ಹಾಕಿದ ಮಡಚು ಕುರ್ಚಿಗಳು, ಆರ್ವಿಲ್ ಬಿಟ್ಟು ನಾವು ಹದಿನಾಲ್ಕು ಜನ. ಕಾಗದ ನೋಡಿ ನುಡಿಸುವಂತಿಲ್ಲ. ಆರ್ವಿಲ್‌ನ ಎಡಗೈ ನೋಡುತ್ತಾ ನಮ್ಮ ಬೆರಳು ಬದಲಾಯಿಸಬೇಕು. ಮೂರೇ ಹಿಡಿತ, ಅದೂ ಗಬ್ಬದ ಹಸು ನಡೆದ ಹಾಗೆ ನಿಧಾನ. ಸರದಿ ಸುತ್ತಿಕೊಂಡು ಬರುತ್ತದೆ. ಒಬ್ಬರೇ ನುಡಿಸುವ ಧೈರ್ಯವಿದ್ದರೆ ನುಡಿಸಬೇಕು, ಇಲ್ಲದಿದ್ದರೆ ಬೇಡವೆಂದು ತಲೆಯಾಡಿಸಿದರೆ ಸಾಕು, ಸರದಿ ಪಕ್ಕದವರಿಗೆ ಹೋಗುತ್ತದೆ. ಹಾಡು ಶುರು ಮಾಡಿದವರೇ ಕಾಲೆತ್ತಿ ತೋರಿಸಿ ಅದನ್ನು ಮುಗಿಸಬೇಕು. ಬೇರೆಯವರ ಹಾಡಿಗೆ ಕಾಲೆತ್ತುವುದೆಂದರೆ ಅವರ ತಟ್ಟೆಯಿಂದ ಅನ್ನ ಕಸಿದುಕೊಂಡ ಹಾಗಂತೆ.

ನಾನು ಬಾರಿಸಿದ್ದೆಲ್ಲ ತಪ್ಪೇ. ಶಾಲೆ ಬಸ್ಸು ಓಡಿಸುವ ಗ್ಲೆನ್ನಾ ಅಲ್ಲಿ ಆಳೆತ್ತರದ ಬೇಸ್ ಪಿಟೀಲು ನುಡಿಸುತ್ತಾಳೆ. "ತಪ್ಪಾದ್ರೇನು ಆಲ್ಟಾ, ಗಟ್ಟಿಯಾಗ್ ಬಾರಿಸ್ತೀಯ. ನನ್ ಬಸ್ ಹಾರ್ನ್ ಕೂಡ ಇಷ್ಟು ಜೋರಿಲ್ಲ" ಅಂದಳು. ಎಷ್ಟು ತಿಂಗಳಾಗಿತ್ತೋ ನಾನು ಹಾಗೆ ನಕ್ಕು.

ಬ್ಯಾಂಜೋದ ತೊಗಲು ಅಂಚಿನಲ್ಲಿ ಸೀಳಿದೆ. ಮನೆಗೆ ಒಯ್ದು ಹೊಸದು ಹಾಕಿಕೊಡುತ್ತೇನೆ ಎಂದಿದ್ದಾನೆ ಆರ್ವಿಲ್. ಮುಂದಿನ ಗುರುವಾರ ಅವನ ಕೈಗೆ ಕೊಡುತ್ತೇನೆ.

ಚಟ ಬಿಡಿಸುವ ಆ ಜಾಗದಲ್ಲಿ ಚೆನ್ನಾಗಿ ಊಟ ಹಾಕುತ್ತಾರೆಯೇ? ಮಾತ್ರೆ ಮುಟ್ಟದೆ ಇನ್ನೂರು ದಿನವಾಯಿತೆಂದು ಬರೆದಿದ್ದೆ. ಆ ಕಾಗದವನ್ನು ಬೈಬಲ್ಲಿನಲ್ಲಿ ಇಟ್ಟಿದ್ದೇನೆ.

ನಿನ್ನ ಅಮ್ಮ

*

ಹೋಪ್ ರಿಜ್ ಫಾರ್ಮ್
14 ಸೆಪ್ಟೆಂಬರ್ 2004

ಅಮ್ಮ,

ನೀನು ಬ್ಯಾಂಜೋ ಹಿಡಿದದ್ದು ಓದಿ ಇಲ್ಲಿ ಅಡುಗೆಮನೆಯಲ್ಲಿ ಎಲ್ಲರಿಗೂ ಹೇಳಿದೆ. ಎರಡು ಹೊತ್ತು ಅಡುಗೆ ನನ್ನದೇ. ಜೋಳದ ರೊಟ್ಟಿ ನಿನ್ನದರ ಹಾಗೆ ಬರುವುದಿಲ್ಲ, ಉಳಿದದ್ದೆಲ್ಲ ಪರವಾಗಿಲ್ಲ.

ಒಂದು ಮಾತು. ಬ್ಯಾಂಜೋವನ್ನು ಆರ್ವಿಲ್ ಮಾಮನ ಕೈಗೆ ಕೊಡಬೇಡ. ಅದರ ತೊಗಲಿನ ಕೆಳಗೆ ಒಂದು ದಪ್ಪ ಕಂಚಿನ ಬಳೆ ಇದೆ, ಎರಡನೇ ಮಹಾಯುದ್ಧಕ್ಕೆ ಮುಂಚೆ ಎರಕ ಹೊಯ್ದದ್ದು. ಬ್ಯಾಂಜೋದ ದನಿಯೆಲ್ಲ ಅದರಲ್ಲೇ ಇರುವುದು. ಅಂಥದ್ದು ಈಗ ಸಿಗುವುದಿಲ್ಲ. ಬಲ್ಲವರು ಆ ಬಳೆಗೋಸ್ಕರವೇ ಇಡೀ ಬ್ಯಾಂಜೋ ಕೊಳ್ಳುತ್ತಾರೆ. ಆರ್ವಿಲ್ ಮಾಮ ಬಲ್ಲವನು. ಒಂದೂವರೆ ವರ್ಷ ಮುಖ ತೋರಿಸದವನಿಗೆ ಈಗ ಇದ್ದಕ್ಕಿದ್ದಂತೆ ಇಷ್ಟು ಉಪಕಾರಬುದ್ಧಿ ಯಾಕೆ?

ನಾನು ಯಾರ ಮೇಲೂ ಏನೂ ಹೇಳುತ್ತಿಲ್ಲ. ಡಿಸೆಂಬರಿನಲ್ಲಿ ಬರುತ್ತೇನಲ್ಲ, ತೊಗಲು ನಾನೇ ಹಾಕುತ್ತೇನೆ. ಅಲ್ಲಿಯತನಕ ಅದನ್ನು ಯಾರೂ ಬಿಚ್ಚುವುದು ಬೇಡ.

ನಿನ್ನ ಡ್ರೀಮಾ

*

ಸ್ಪ್ರೂಸ್ ಲಿಕ್
1 ಅಕ್ಟೋಬರ್ 2004

ಮಗಳೇ,

ನಿನ್ನ ಕಾಗದ ಒಂದು ದಿನ ತಡವಾಗಿ ಬಂತು. ಹಿಂದಿನ ಸಂಜೆಯೇ ಬ್ಯಾಂಜೋ ಕೊಟ್ಟಾಗಿತ್ತು.

ನೀನು ತಲೆಗೆ ಹುಳ ಬಿಟ್ಟೆ ನೋಡು, ಆಮೇಲೆ ನನಗೆ ನೆಮ್ಮದಿಯೇ ಇಲ್ಲ. ಒಂದು ವಾರ ಎಂದವನು ಎರಡು ವಾರ ಇಟ್ಟುಕೊಂಡ. ನಡುವಿನ ಗುರುವಾರ ಕೇಳಿದರೆ, "ಇನ್ನೂ ಆಗಿಲ್ಲ ಆಲ್ಟಾ" ಎಂದು ಗಿಟಾರಿನ ತಂತಿಯನ್ನು ಬಿಗಿ ಮಾಡತೊಡಗಿದ. ಆ ತಂತಿ ಆಗಲೇ ಬಿಗಿಯಾಗಿತ್ತು. ಭಾನುವಾರ ಚರ್ಚಿಗೆ ಹೋಗುವಾಗ ಬೇಕೆಂತಲೇ ಅವನ ಮನೆ ದಾರಿ ಹಿಡಿದೆ. ಪಿಕಪ್ಪಿಗೆ ನಾಲ್ಕೂ ಟೈರು ಹೊಸದು. ನಾಲ್ಕೂ!

ನಿನ್ನೆ ತಂದುಕೊಟ್ಟ. ತೊಗಲು ಬೆಳ್ಳಗೆ ಹೊಳೆಯುತ್ತಿದೆ. ಎಷ್ಟಾಯಿತೆಂದು ಕೇಳಿದರೆ, "ಏನೂ ಬೇಡ ಬಿಡು" ಅಂದ. ಜ್ಯಾಮಿನ ಕಾಫಿಗೆ ಡಬ್ಬಿ ಹಿಡಿದು ಒಬ್ಬೊಬ್ಬರ ಮುಂದೆ ನಿಲ್ಲುವ ಆರ್ವಿಲ್ ಅಂದದ್ದು ಈ ಮಾತು. ಆಮೇಲೆ ನನ್ನನ್ನು ಕಾರಿನ ತನಕ ಬಿಡಲು ಬಂದು ಕೇಳಿದ:

"ಆಲ್ಟಾ, ಎಸ್ಟಿಲ್ ಈ ಬ್ಯಾಂಜೋ ವಿಷ್ಯ ನಿನ್ಹತ್ರ ಏನಾದ್ರೂ ಹೇಳಿದ್ನಾ? ಹೋಗೋಕ್ ಮುಂಚೆ?"

"ಏನ್ ಹೇಳ್ಬೇಕಿತ್ತು?"

"ಏನಿಲ್ಲ. ಸುಮ್ನೆ ಕೇಳ್ದೆ."

ಸುಮ್ಮನೆ ಕೇಳುವವನು ಬೂಟಿನ ತುದಿ ನೋಡಿಕೊಂಡು ಕೇಳುತ್ತಾನೆಯೇ? ದನಿ ಬದಲಾಗಿದೆಯೋ ಇಲ್ಲವೋ ನನಗೆ ತಿಳಿಯದು. ನಾನು ಬಾರಿಸಿದರೆ ಎಲ್ಲ ಬ್ಯಾಂಜೋಗಳೂ ಒಂದೇ.

ನಿನ್ನ ಅಮ್ಮ

*

ಹೋಪ್ ರಿಜ್ ಫಾರ್ಮ್
6 ಅಕ್ಟೋಬರ್ 2004

ಅಮ್ಮ,

ದುಡ್ಡು ಬೇಡ ಎಂದನೇ? ಅದೇ ನನಗೆ ಸರಿ ಕಾಣುವುದಿಲ್ಲ. ಅಪ್ಪ ಏನಾದರೂ ಹೇಳಿದ್ದನೇ ಎಂದು ಯಾಕೆ ಕೇಳಬೇಕಿತ್ತು? ಬಳೆಯ ಸುದ್ದಿ ನಿನಗೆ ಗೊತ್ತಿದೆಯೋ ಇಲ್ಲವೋ ಎಂದು ತಿಳಿದುಕೊಳ್ಳುವುದಕ್ಕೆ ಇರಬೇಕು.

ಆದದ್ದು ಆಯಿತು. ಜಗಳ ಬೇಡ, ಯಾರ ಹತ್ತಿರವೂ ತೋರಿಸುವುದೂ ಬೇಡ. ಆ ಜ್ಯಾಮಿಗೆ ಹೋಗುವುದನ್ನು ಬಿಟ್ಟುಬಿಡು. ಬ್ಯಾಂಜೋವನ್ನು ಪೆಟ್ಟಿಗೆಯಲ್ಲಿಟ್ಟು ಮಂಚದ ಕೆಳಗೆ ತಳ್ಳು. ಕಲಿಯುವ ಆಸೆಯಿದ್ದರೆ ನಾನು ಬಂದಮೇಲೆ ಮನೆಯಲ್ಲೇ ಕಲಿಸುತ್ತೇನೆ.

ಇಲ್ಲಿ ಈಗ ಒಂದು ಪಟ್ಟಿ ಬರೆಸುತ್ತಿದ್ದಾರೆ. ಚಟದ ದಿನಗಳಲ್ಲಿ ಯಾರಿಗೆ ಏನೇನು ಅನ್ಯಾಯ ಮಾಡಿದೆವು ಎಂಬುದರ ಪಟ್ಟಿ. ನನ್ನದು ಎರಡು ಪುಟವಾಗಿದೆ. ಬಹಳಷ್ಟು ನಿನಗೆ ಗೊತ್ತಿರುವುದೇ.

ನಿನ್ನ ಡ್ರೀಮಾ

*

ಸ್ಪ್ರೂಸ್ ಲಿಕ್
25 ಅಕ್ಟೋಬರ್ 2004

ಡ್ರೀಮಾ,

ನೀನು ಹೇಳಿದ್ದೇ ನಿಜವಾಯಿತು.

ಮಂಚದ ಕೆಳಗೆ ತಳ್ಳಿ ಸುಮ್ಮನಿರುವ ಹೆಂಗಸೇ ನಾನು? ಹೋದ ಸೋಮವಾರ ನಲವತ್ತು ಮೈಲಿ ಓಡಿಸಿಕೊಂಡು ಕೌಂಟಿಯ ದೊಡ್ಡ ಊರಿನ ವಾದ್ಯ ರಿಪೇರಿಯವನ ಹತ್ತಿರ ಹೋದೆ. ಅವನು ಬ್ಯಾಂಜೋದ ಹಿಂಬದಿ ತೆಗೆದು ಟಾರ್ಚು ಬಿಟ್ಟು ನೋಡಿದ. "ಅಮ್ಮಾ, ಬ್ಯಾಂಜೋ ಹಳೇದೇ. ಬಳೆ ಹಳೇದಲ್ಲ. ಇದು ಯಾವ್ದೋ ಅಗ್ಗದ ಬ್ಯಾಂಜೋದ್ದು, ಹಗುರ" ಅಂದ. ನಿನ್ನ ಅಪ್ಪ ಗಣಿಯಿಂದ ಬಂದು, ಬೆರಳಿನ ಮಸಿ ಮೂರು ಸಲ ಉಜ್ಜಿ ತೊಳೆದ ಮೇಲೇ ಅದನ್ನು ಮುಟ್ಟುತ್ತಿದ್ದ. ನನ್ನನ್ನು ಮುಟ್ಟುವ ಮುಂಚೆ ಅಷ್ಟು ತೊಳೆದವನಲ್ಲ.

ಗುರುವಾರ ಹಾಲಿಗೆ ಹೋದೆ. ಆರ್ವಿಲ್ ಒಂದು ಹಾಡು ಎತ್ತಿಕೊಂಡ. ಪಿಟೀಲಿನವನು ನುಡಿಸಿದ, ಮ್ಯಾಂಡೊಲಿನ್ ಹುಡುಗಿ ಬೇಡವೆಂದಳು, ಸರದಿ ನನಗೆ ಬಂತು. ಆರ್ವಿಲ್ ನಗುತ್ತಾ ನನ್ನ ಕಡೆ ನೋಡಿದ. ನಾನು ಕಾಲೆತ್ತಿದೆ. ಅವನ ಹಾಡಿಗೆ, ನಟ್ಟನಡುವೆ, ನಾನು ಕಾಲೆತ್ತಿದೆ.

ಒಬ್ಬೊಬ್ಬರದೇ ವಾದ್ಯ ನಿಂತಿತು. ಕೊನೆಗೆ ಗ್ಲೆನ್ನಾಳ ಬೇಸ್ ಮಾತ್ರ ಎರಡು ಸಲ ಬಡಿದು ಅದೂ ನಿಂತಿತು.

"ಆರ್ವಿಲ್, ಎಸ್ಟಿಲ್ ಬಳೆ ಎಲ್ಲಿ?"

"ಕೂತ್ಕೋ ಆಲ್ಟಾ. ಆಮೇಲ್ ಮಾತಾಡೋಣ."

"ಆಮೇಲ್ ಯಾಕೆ? ಎರಡ್ ವಾರ ಮನೇಲಿಟ್ಕೊಂಡು ಕಂಚು ನುಂಗಿ ತಗಡು ಹಾಕ್ಕೊಟ್ಟಿದ್ದೀಯಲ್ಲ, ಎಲ್ರ ಮುಂದೆ ಹೇಳು. ಸತ್ತ ಸ್ನೇಹಿತನ ಬ್ಯಾಂಜೋ ಕದ್ದು ಟೈರ್ ಹಾಕಿಸ್ಕೊಂಡ್ಯಾ?"

"ನಾನ್ ತೆಗ್ದಿಲ್ಲ."

"ಮತ್ಯಾರ್ ತೆಗ್ದ್ರು?"

ಕೆಂಪಗಾಗಿ, ಕಂಬದ ಹಾಗೆ ನಿಂತುಕೊಂಡ. ಆಮೇಲೆ ಗಿಟಾರನ್ನು ಪೆಟ್ಟಿಗೆಗೆ ಹಾಕಿ, "ಹಾಡು ಅರ್ಧದಲ್ಲಿದೆ, ನೀವ್ ಮುಗ್ಸಿ" ಎಂದು ಹೇಳಿ ಹೊರಟುಹೋದ. ಯಾರೂ ಮುಗಿಸಲಿಲ್ಲ. ಹಾಲಿನ ಬಾಗಿಲಲ್ಲಿ ಈಗ ಜ್ಯಾಮ್ ಇಲ್ಲ ಎಂಬ ಚೀಟಿ ತೂಗುತ್ತಿದೆ.

ಬ್ಯಾಂಜೋವನ್ನು ಮತ್ತೆ ರಿಪೇರಿಯವನ ಹತ್ತಿರ ಬಿಟ್ಟಿದ್ದೇನೆ, ಪೂರ್ತಿ ಬಿಚ್ಚಿ ನೋಡಿ ಬರೆದುಕೊಡಲಿ. ಆ ಕಾಗದ ಹಿಡಿದುಕೊಂಡು ಪೊಲೀಸು ಷೆರಿಫ್‌ನ ಹತ್ತಿರ ಹೋಗುವವಳಿದ್ದೇನೆ. ಊರೆಲ್ಲ ನನ್ನನ್ನು ಬಜಾರಿ ಎಂಬಂತೆ ನೋಡುತ್ತಿದೆ. ನನ್ನ ಕಡೆ ನಿಂತವಳು ನೀನೊಬ್ಬಳೇ.

ನಿನ್ನ ಅಮ್ಮ

*

ಹೋಪ್ ರಿಜ್ ಫಾರ್ಮ್
29 ಅಕ್ಟೋಬರ್ 2004

ಅಮ್ಮ,

ಷೆರಿಫ್‌ನ ಹತ್ತಿರ ಹೋಗಬೇಡ. ದಯವಿಟ್ಟು. ಆರ್ವಿಲ್ ಮಾಮನಿಗೆ ಎಪ್ಪತ್ತು ದಾಟಿದೆ. ಒಂದು ಬಳೆ ತಾನೇ, ಹೋದರೆ ಹೋಗಲಿ. ರಿಪೇರಿಯವನಿಗೆ ಫೋನ್ ಮಾಡಿ ಬಿಚ್ಚಬೇಡ ಎನ್ನು. ಡಿಸೆಂಬರಿಗೆ ಬರುತ್ತೇನೆ. ಆಗ ಮಾತಾಡೋಣ.

ಡ್ರೀಮಾ

*

ಸ್ಪ್ರೂಸ್ ಲಿಕ್
6 ನವೆಂಬರ್ 2004

ಡ್ರೀಮಾ,

ಆಶ್ಚರ್ಯ. ಸೆಪ್ಟೆಂಬರಿನಲ್ಲಿ ಆ ಬಳೆಯ ಸಮ ಇನ್ನೊಂದಿಲ್ಲ ಎಂದವಳೂ ನೀನೇ, ಈಗ ಒಂದು ಬಳೆ ತಾನೇ ಎಂದವಳೂ ನೀನೇ. ನಿನ್ನ ಕಾಗದಗಳನ್ನೆಲ್ಲ ಊಟದ ಮೇಜಿನ ಮೇಲೆ ಸಾಲಾಗಿ ಹರಡಿ ಮತ್ತೊಮ್ಮೆ ಓದಿದೆ. ಪ್ರತಿಯೊಂದರಲ್ಲೂ ಒಂದೇ ಮಾತು: ಬಿಚ್ಚಬೇಡ, ಬಿಚ್ಚಿಸಬೇಡ, ತೋರಿಸಬೇಡ.

ರಿಪೇರಿಯವನು ಬಿಚ್ಚಿದ. ಹೊಸ ಬಳೆ ಸಡಿಲವಾಗಿದ್ದುದರಿಂದ ಅದು ಅಲುಗಾಡದ ಹಾಗೆ ಯಾರೋ ಕೆಳಗೆ ಕಾಗದದ ಪಟ್ಟಿ ಮಡಚಿ ತುರುಕಿದ್ದರಂತೆ. ಮೂರು ಪಟ್ಟಿ. ಲಕೋಟೆಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟ. ನಮ್ಮ ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕ ತೂಗುತ್ತಿತ್ತಲ್ಲ, ಆ ಕ್ಯಾಲೆಂಡರಿನಿಂದ ಕತ್ತರಿಸಿದ್ದು. ಏಪ್ರಿಲ್ 1998. ಒಂದು ಪಟ್ಟಿಯ ಮೇಲೆ ನನ್ನದೇ ಕೈಬರಹ: "ಡ್ರೀಮಾ, ಹಲ್ಲಿನ ಡಾಕ್ಟರ್, ಮೂರು ಗಂಟೆ."

ಆರ್ವಿಲ್ ನನ್ನ ಕ್ಯಾಲೆಂಡರ್ ಕತ್ತರಿಸಲು ಬಂದಿರಲಿಲ್ಲ. ಆ ಏಪ್ರಿಲ್‌ನಲ್ಲಿ ನಿನ್ನ ಅಪ್ಪನ ಎದೆಗೆ ನೀರು ತುಂಬಿ ಎಂಟು ದಿನ ಆಸ್ಪತ್ರೆ. ನಾನು ಅಲ್ಲೇ ಕುರ್ಚಿಯ ಮೇಲೆ ಮಲಗುತ್ತಿದ್ದೆ. ಮನೆಯ ಕೀಲಿಕೈ ಯಾರ ಹತ್ತಿರ ಇತ್ತೆಂದು ನಿನಗೂ ನೆನಪಿದೆ. ಆ ಬ್ಯಾಂಜೋದ ಇಪ್ಪತ್ನಾಲ್ಕು ಕೊಕ್ಕೆ ಬಿಗಿಮಾಡುವ ಚಿಕ್ಕ ಸ್ಪ್ಯಾನರನ್ನು ನಿನ್ನ ಅಪ್ಪ ಬೇರೆ ಯಾರ ಕೈಗೂ ಕೊಟ್ಟದ್ದಿಲ್ಲ, ಹನ್ನೆರಡು ವರ್ಷದವಳಿದ್ದಾಗಿನಿಂದ ಜೊತೆಗೆ ಕೂತು ಕಲಿತ ಮಗಳೊಬ್ಬಳನ್ನು ಬಿಟ್ಟು.

ನಾನು ಇದಕ್ಕಿಂತ ಮುಂದೆ ಬರೆಯುವುದಿಲ್ಲ. ಷೆರಿಫ್‌ನ ಹತ್ತಿರ ಹೋಗಿಲ್ಲ. ಅಂಚೆಯವನು ಹನ್ನೊಂದಕ್ಕೆ ಬರುತ್ತಾನೆ. ದಿನವೂ ಅಲ್ಲೇ ನಿಂತಿರುತ್ತೇನೆ.

ಅಮ್ಮ

*

ಹೋಪ್ ರಿಜ್ ಫಾರ್ಮ್
17 ನವೆಂಬರ್ 2004

ಅಮ್ಮ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಇದನ್ನು ಓದಿನೋಡದೆ ಅಂಚೆಗೆ ಹಾಕುತ್ತೇನೆ.

ನಾನೇ ತೆಗೆದೆ. ನೀವಿಬ್ಬರೂ ಆಸ್ಪತ್ರೆಯಲ್ಲಿದ್ದಾಗ, ಒಂದು ಮಧ್ಯಾಹ್ನ, ಅಡುಗೆಮನೆಯ ಮೇಜಿನ ಮೇಲೆ. ಒಂದು ಕೊಕ್ಕೆಗೂ ಗೀರು ಬೀಳದ ಹಾಗೆ ಬಿಚ್ಚಿದೆ. ಅಪ್ಪ ಅಷ್ಟು ಚೆನ್ನಾಗಿ ಕಲಿಸಿದ್ದ. ದೂರದ ಊರಿನಲ್ಲಿ ಮಾರಿದೆ. ಅದರಿಂದ ಬಂದ ಮಾತ್ರೆ ಹನ್ನೊಂದು ದಿನ ಬಂತು.

ಅಪ್ಪ ಮನೆಗೆ ಬಂದವನೇ ಬ್ಯಾಂಜೋ ಎತ್ತಿಕೊಂಡ. ನಾನು ಬಾಗಿಲಲ್ಲೇ ನಿಂತಿದ್ದೆ. ಎರಡು ಸಲ ತಂತಿ ಮೀಟಿದ, ನಿಲ್ಲಿಸಿದ. ಆಮೇಲೆ ನುಡಿಸಿದ. ಆ ದಿನವೂ ಏನೂ ಅನ್ನಲಿಲ್ಲ, ಮುಂದಿನ ಐದು ವರ್ಷವೂ ಏನೂ ಅನ್ನಲಿಲ್ಲ. ಗಣಿಯ ಡ್ರಿಲ್ಲು ಅವನ ಅರ್ಧ ಕಿವಿ ತಿಂದಿತ್ತಲ್ಲ, ಅವನಿಗೆ ಕೇಳಿಸಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಆರ್ವಿಲ್ ಮಾಮ ಬಿಚ್ಚಿದರೆ ಕಂಡುಹಿಡಿಯುತ್ತಾನೆ ಎಂದು ಹೆದರಿದೆ. ಅವನು ನನ್ನ ಹೆಸರು ಹೇಳುವ ಮೊದಲೇ ನಿನಗೆ ಅವನ ಮೇಲೆ ಅನುಮಾನ ಬರಲಿ ಎಂದು ಬರೆದೆ. ಇದು ಚಟದ ದಿನಗಳಲ್ಲಿ ಮಾಡಿದ್ದಲ್ಲ ಅಮ್ಮ. ಇನ್ನೂರು ದಿನ ಕಳೆದ ಮೇಲೆ, ನೆಟ್ಟಗಿನ ತಲೆಯಲ್ಲಿ, ಕಾಫಿ ಕುಡಿಯುತ್ತಾ ಮಾಡಿದ್ದು. ಇದಕ್ಕಿಂತ ಬಳೆ ಕದ್ದದ್ದೇ ವಾಸಿ ಅನ್ನಿಸುತ್ತಿದೆ.

ನನ್ನ ಪಟ್ಟಿಯಲ್ಲಿ ಇದು ಇರಲಿಲ್ಲ. ಈಗ ಬರೆದಿದ್ದೇನೆ.

ಡ್ರೀಮಾ

*

ಸ್ಪ್ರೂಸ್ ಲಿಕ್
28 ನವೆಂಬರ್ 2004

ಡ್ರೀಮಾ,

ನಿನ್ನ ಕಾಗದ ಬಂದ ದಿನ ಏನೂ ಮಾಡಲಿಲ್ಲ. ಮರುದಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮಾಡಿದ ಎರಡು ಸೇಬಿನ ಪೈಗಳಲ್ಲಿ ಒಂದನ್ನು ಹಿಡಿದು ಆರ್ವಿಲ್‌ನ ಮನೆಗೆ ಹೋದೆ. ಬಾಗಿಲು ತೆಗೆದ. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅಲ್ಲೇ ನಿಂತು ನಿನ್ನ ಕಾಗದ ಓದಿ ಹೇಳಿದೆ. ಚಳಿಗೆ ಮೂಗು ಸೋರುತ್ತಿತ್ತು. ಚಳಿಗೋ ಏನಕ್ಕೋ.

ಎಲ್ಲ ಕೇಳಿ, "ಅಂತೂ ಹೇಳಿದ್ಲು" ಎಂದ.

"ನಿಂಗ್ ಗೊತ್ತಿತ್ತಾ?" ಎಂದೆ.

"ಆಸ್ಪತ್ರೆಯಿಂದ ಬಂದ್ ವಾರವೇ ಎಸ್ಟಿಲ್ ಬ್ಯಾಂಜೋ ತಂದು ಒಳಗಿನ್ ಮೇಜಿನ್ ಮೇಲೆ ಇಟ್ಟು, 'ಕೇಳು' ಅಂತ ಒಂದ್ಸಲ ಮೀಟ್ದ. ಕೇಳ್ದೆ. ಯಾರು ಅಂತ ನಾನ್ ಕೇಳ್ಲಿಲ್ಲ, ಅವ್ನೇ ಹೇಳ್ದ. 'ಅವ್ಳೇ ಬಂದ್ ಹೇಳ್ತಾಳೆ ಆರ್ವಿಲ್. ಅಲ್ಲೀ ತನ್ಕ ನಿಂಗೇನೂ ಗೊತ್ತಿಲ್ಲ. ಆಲ್ಟಾಗಂತೂ ಹೇಳ್ಬೇಡ' ಅಂದ."

"ಅದಕ್ಕೇ ನಮ್ಮನೆಗೆ ಬರ್ಲಿಲ್ವಾ?"

"ನಿನ್ ಮುಖ ನೋಡ್ಕೊಂಡು ಸುಳ್ ಹೇಳೋದ್ ನನ್ ಕೈಲಾಗಲ್ಲ. ಬ್ಯಾಂಜೋ ಎರಡ್ ವಾರ ಇಟ್ಕೊಂಡಿದ್ದೂ ಅದಕ್ಕೇ. ಹೇಗ್ ವಾಪಸ್ ಕೊಡ್ಲಿ ಅಂತ."

ನನಗೆ ಸಿಟ್ಟು ನೆತ್ತಿಗೇರಿತು. "ಹದಿಮೂರು ಜನರ ಮುಂದೆ ನಿನ್ನ ಕಳ್ಳ ಅಂದೆನಲ್ಲೋ! ಬಾಯಿಗೇನ್ ಬೀಗ ಹಾಕಿತ್ತಾ? ಸತ್ತೋನಿಗೆ ಕೊಟ್ಟ ಮಾತಂತೆ!"

"ಎಸ್ಟಿಲ್ ಎಲ್ಲೀ ತನ್ಕ ಅಂದಿದ್ನೋ ಅಲ್ಲೀ ತನ್ಕ" ಎಂದು ಪೈ ಕೈಗೆ ತೆಗೆದುಕೊಂಡ. ಆಮೇಲೆ ಒಳಗೆ ಬಾ ಎಂದ.

ಜ್ಯಾಮಿನ ಹದಿಮೂರು ಮನೆಗೂ ಹೋಗಿಬಂದೆ. ನಾನು ಹೇಳಿದ್ದು ಸುಳ್ಳು, ಆರ್ವಿಲ್ ಕಳ್ಳನಲ್ಲ ಎಂದು ಪ್ರತಿ ಬಾಗಿಲಲ್ಲೂ ಹೇಳಿದೆ. ಹಾಗಾದರೆ ಯಾರು ಎಂದು ಎಲ್ಲರೂ ಕೇಳಿದರು. ಅದು ನನ್ನ ಸರದಿಯಲ್ಲ ಎಂದೆ. ಗುರುವಾರದಿಂದ ಜ್ಯಾಮ್ ಮತ್ತೆ ಶುರು.

ನಿನ್ನನ್ನು ಕ್ಷಮಿಸಿದ್ದೇನೆಯೇ ಎಂದು ಕೇಳಬೇಡ, ಗೊತ್ತಿಲ್ಲ. ಬಳೆಯ ಬಗ್ಗೆ ನನಗೆ ಕೋಪವಿಲ್ಲ. ನನ್ನ ಬಾಯಿಯನ್ನು ನೀನು ಬಳಸಿಕೊಂಡೆ, ಅದಕ್ಕೆ ಕೋಪವಿದೆ. ಬಹಳ ಇದೆ.

ಒಂದು ವಿಷಯ ಮಾತ್ರ ನನಗೆ ತಿಳಿಯಬೇಕು. ನಿನ್ನ ಅಪ್ಪ ಹೋಗುವ ಹಿಂದಿನ ದಿನ, ನಮ್ಮನ್ನೆಲ್ಲ ಹೊರಗೆ ಕಳಿಸಿ ನಿನ್ನೊಬ್ಬಳನ್ನೇ ಕೋಣೆಯಲ್ಲಿ ಇಟ್ಟುಕೊಂಡನಲ್ಲ. ಆಗ ನನಗೆ ಹೊಟ್ಟೆಕಿಚ್ಚಾಗಿತ್ತು, ನಲವತ್ತು ವರ್ಷ ಬಾಳಿದವಳು ಹೊರಗೆ, ಮಗಳು ಒಳಗೆ ಎಂದು. ಅವನು ಏನು ಹೇಳಿದ?

ನಿನ್ನ ಅಮ್ಮ

*

ಹೋಪ್ ರಿಜ್ ಫಾರ್ಮ್
3 ಡಿಸೆಂಬರ್ 2004

ಅಮ್ಮ,

ಹದಿನಾರನೆಯ ತಾರೀಕು ನನ್ನನ್ನು ಬಿಡುತ್ತಾರೆ. ಅದು ಗುರುವಾರ. ಬಸ್ಸು ನಾಲ್ಕಕ್ಕೆ ಬರುತ್ತದೆ, ನೀನು ಬರಬೇಡ. ಮೊದಲು ಆರ್ವಿಲ್ ಮಾಮನ ಮನೆಗೆ ಹೋಗುತ್ತೇನೆ. ಆರಕ್ಕೆ ಹಾಲಿಗೆ ಬಂದು, ಎಲ್ಲರೂ ಕೂತ ಮೇಲೆ, ನಿಂತುಕೊಂಡು ಹೇಳುತ್ತೇನೆ. ನೀನು ಅಲ್ಲಿರಬೇಕು.

ನೀನು ಕೇಳಿದ್ದಕ್ಕೆ ಉತ್ತರ. ಅಪ್ಪ ಏನೂ ಹೇಳಲಿಲ್ಲ ಅಮ್ಮ. ನನ್ನ ಕೈ ಹಿಡಿದುಕೊಂಡು ಕೇಳಿದ, ಅಷ್ಟೇ.

"ಏನಾದ್ರೂ ಹೇಳೋದಿದ್ಯಾ ಮಗ?"

"ಏನಿಲ್ಲಪ್ಪ. ಕಾಫಿ ತರ್ಲಾ?" ಎಂದೆ.

ಅವನು ನನ್ನ ಕೈ ಬಿಟ್ಟ. ಆಮೇಲೆ, "ತಗೊಂಡ್ ಬಾ" ಎಂದ.

ಡ್ರೀಮಾ